ಬಾಯಲ್ಲಿ ಮಕ್ಕಳು

ಮುಲುಂಡ್ ವೆಸ್ಟ್‌ನ ನಮ್ಮ ಗಲ್ಲಿಯ ಅಕ್ವೇರಿಯಂ ಅಂಗಡಿಯಲ್ಲಿ ಮಗಳು ಒಂದು ತೊಟ್ಟಿಯ ಮುಂದೆ ನಿಂತವಳು ಕದಲಲಿಲ್ಲ. ಬೆಳ್ಳಿ ಮೈ, ಮೂರು ಕಪ್ಪು ಪಟ್ಟೆ, ಬಿಳಿ ಚುಕ್ಕೆ, ಕವಲುಬಾಲದ ನಾಲ್ಕು ಮೀನು. ನನಗೆ ಗುರುತು ಹತ್ತಿತು: ಬಂಗಾಯ್ ಕಾರ್ಡಿನಲ್. ಮಕ್ಕಳ ಪುಸ್ತಕವೊಂದನ್ನು ಅನುವಾದಿಸುವಾಗ ಇದರ ಎರಡು ಪುಟಕ್ಕೆ ನಾಲ್ಕು ದಿನ ಕೂತಿದ್ದೆ.

ತಡೆದದ್ದು ಒಂದು ಪದ. ಹೆಣ್ಣು ಮೊಟ್ಟೆಯಿಟ್ಟ ಕೂಡಲೇ ಗಂಡು ಅವನ್ನು ಬಾಯಿಗೆ ತುಂಬಿಕೊಳ್ಳುತ್ತದೆ. ಸುಮಾರು 20 ದಿನಕ್ಕೆ ಮೊಟ್ಟೆ ಒಡೆದರೂ ಮರಿಗಳು ಇನ್ನೂ ಹತ್ತು ದಿನದಷ್ಟು ಅಲ್ಲೇ. ಅಲ್ಲಿಯವರೆಗೆ ಅಪ್ಪನಿಗೆ ಉಪವಾಸ. "ಕಾವು ಕೊಡುತ್ತದೆ" ಎಂದು ಬರೆದು ಹೊಡೆದುಹಾಕಿದೆ. ಶೀತರಕ್ತದ ಮೀನಿಗೆ ಎಲ್ಲಿಯ ಕಾವು? "ಬಾಯಿಬಸುರು" ಎಂದೆ. ಸಂಪಾದಕರು ನಕ್ಕರು. ಕೊನೆಗೆ "ಬಾಯಲ್ಲಿಟ್ಟು ಸಾಕುವ ಅಪ್ಪ" ಎಂಬಲ್ಲಿಗೆ ರಾಜಿಯಾಯಿತು. (ನನಗೆ ಈಗಲೂ ಬಾಯಿಬಸುರೇ ಇಷ್ಟ.)

ಪದದ ಗುದ್ದಾಟದಲ್ಲಿ ಮುಖ್ಯ ಸಂಗತಿಯನ್ನೇ ಓದದೆ ದಾಟಿದ್ದೆ. ಹವಳದ ದಿಬ್ಬದ ಬಹುತೇಕ ಮೀನುಗಳ ಮರಿಗಳು ಹುಟ್ಟುತ್ತಲೇ ಪ್ರವಾಹದಲ್ಲಿ ತೇಲಿಹೋಗುತ್ತವೆ. ಹೆಚ್ಚಿನವು ಸಾಯುತ್ತವೆ, ಉಳಿದವು ಎಲ್ಲೋ ದೂರದ ದಿಬ್ಬ ಸೇರುತ್ತವೆ, ಹದಿನಾಲ್ಕಕ್ಕೇ ಕುಂದಾಪುರ ಬಿಟ್ಟು ಮುಂಬೈ ಹೋಟೆಲಿಗೆ ಬಂದ ನನ್ನ ಅಪ್ಪನ ಹಾಗೆ. ಬಂಗಾಯ್ ಮರಿಗೆ ಆ ತೇಲಾಟವಿಲ್ಲ. ಅಪ್ಪನ ಬಾಯಿಂದ ಹೊರಬಿದ್ದದ್ದು ಪಕ್ಕದಲ್ಲೇ ಸೀ ಅರ್ಚಿನ್‌ನ ಉದ್ದ ಮುಳ್ಳುಗಳ ನಡುವೆ ನುಸುಳಿ ಅಲ್ಲೇ ಬೆಳೆಯುತ್ತದೆ. ಹಾಗಾಗಿ ಈ ಮೀನಿನ ಸಹಜ ನೆಲೆ ಇಂಡೋನೇಷ್ಯಾದ ಸುಲವೇಸಿಯ ಪೂರ್ವಕ್ಕಿರುವ ಬಂಗಾಯ್ ದ್ವೀಪಗಳ ಸುತ್ತಮುತ್ತ ಮಾತ್ರ. ಒಂದು ಕೊಲ್ಲಿಯನ್ನು ಬಲೆ ಖಾಲಿ ಮಾಡಿದರೆ ಅದನ್ನು ತುಂಬಲು ಹೊರಗಿನಿಂದ ತೇಲಿಬರುವ ಮರಿಯೇ ಇಲ್ಲ. 1990ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರಿಗಳ ಕಣ್ಣಿಗೆ ಬಿತ್ತು; ಮುಂದೆ ವರ್ಷಕ್ಕೆ ಲಕ್ಷಗಟ್ಟಲೆ ಹಿಡಿದರು. 2007ರಲ್ಲಿ ಐಯುಸಿಎನ್ ಇದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ತೊಟ್ಟಿಯಲ್ಲೇ ಮರಿ ಮಾಡಿಸುವುದು ಸಾಧ್ಯ, ಮಾಡುತ್ತಲೂ ಇದ್ದಾರೆ. ಆದರೆ ಅಂಗಡಿಯ ಗಾಜಿನಾಚೆ ಎರಡೂ ಒಂದೇ ಥರ ಕಾಣುತ್ತವೆ.

"ಸಮುದ್ರದ್ದಾ, ಸಾಕಿದ್ದಾ?" ಎಂದು ಹಿಂದಿಯಲ್ಲಿ ಕೇಳಿದೆ. "ಫಾರ್ಮ್ ಕಾ ಹೈ," ಎಂದರು ಅಂಗಡಿಯವರು, ತುಸು ಬೇಗನೇ. ಚೀಟಿಯಂಥದ್ದೇನೂ ಇರಲಿಲ್ಲ. ತೋರಿಸಲೆಂದು ಆಹಾರ ಉದುರಿಸಿದರು. ಮೂರು ಮೀನು ಮುನ್ನುಗ್ಗಿದವು. ಒಂದು ಮಾತ್ರ ಗದ್ದ ಉಬ್ಬಿಸಿಕೊಂಡು ಮೂಲೆಯಲ್ಲೇ ಇತ್ತು. ಅದಕ್ಕೆ ಹುಷಾರಿಲ್ಲ, ಬೇರೆಯದು ಕೊಡುತ್ತೇನೆ ಎಂದರು.

"ಹುಷಾರಿಲ್ಲದ್ದಲ್ಲ, ಬಾಯಲ್ಲಿ ಮಕ್ಕಳಿರಬೇಕು," ಎಂದೆ ಮಗಳಿಗೆ. ಕೊಳ್ಳದೆ ಬಂದೆವು. ದಾರಿಯುದ್ದಕ್ಕೂ ಅವಳು ಬಾಯಿ ಮುಚ್ಚಿ ಕೆನ್ನೆ ಉಬ್ಬಿಸಿಕೊಂಡೇ ನಡೆದಳು. ಮರುದಿನ ಶಾಲೆ ಬಿಟ್ಟಮೇಲೆ ಹಟ ಮಾಡಿ ಮತ್ತೆ ಎಳೆದುಕೊಂಡು ಹೋದಳು. ತೊಟ್ಟಿಯಲ್ಲಿ ಮೂರೇ ಇದ್ದವು, ಮೂರೂ ತಿನ್ನುತ್ತಿದ್ದವು.