ಕಲೆ ತೆಗೆಯುವ ಮುನ್ನ

ಅಮ್ಮ ತೀರಿಕೊಂಡ ಮೇಲೆ ಆಕೆಯ ಸೀರೆಗಳನ್ನು ನಾವು ಅಕ್ಕತಂಗಿಯರಿಬ್ಬರೂ ಹಂಚಿಕೊಂಡೆವು. ಒಂದನ್ನು ಮಾತ್ರ ಹಂಚಲಾಗಲಿಲ್ಲ. ಕೆನೆಬಣ್ಣದ ಒಡಲು, ತೆಳುವಾದ ಜರಿಯಂಚಿನ ಮೈಸೂರು ರೇಷ್ಮೆ ಸೀರೆ ಅದು. ಅಪ್ಪನಿಗೆ ಬಡ್ತಿಯಾದ ವರ್ಷ ಕೊಂಡದ್ದು. ಆರು ತಿಂಗಳು ಪುಣೆಯ ಬೀರುವಿನಲ್ಲಿ, ಆರು ತಿಂಗಳು ಮುಂಬಯಿಯ ಬೀರುವಿನಲ್ಲಿ ಇರಲಿ ಎಂದು ಒಪ್ಪಂದ ಮಾಡಿಕೊಂಡೆವು. ಹನ್ನೊಂದು ವರ್ಷ ಅದು ಹಳೆಯ ಪಂಚೆಯೊಂದರಲ್ಲಿ ಸುತ್ತಿಸಿಕೊಂಡು, ಡೆಕ್ಕನ್ ಕ್ವೀನ್ ರೈಲಿನಲ್ಲಿ ನಮ್ಮ ಮಡಿಲ ಮೇಲೆ ಕುಳಿತು ಘಟ್ಟ ಹತ್ತಿ ಇಳಿಯಿತು.

ಹೋದ ವರ್ಷ ತಂಗಿಯ ಮಗಳ ಮದುವೆ. ಅಜ್ಜಿಯ ಸೀರೆಯನ್ನೇ ಉಡುವೆನೆಂದು ಅವಳು ಮೊದಲೇ ಹೇಳಿಟ್ಟಿದ್ದಳು. ಮುಹೂರ್ತಕ್ಕೆ ಮೂರು ದಿನವಿದ್ದಾಗ ಮುಂಬಯಿಯ ಮನೆಯಲ್ಲಿ ಅರಿಶಿನದ ಶಾಸ್ತ್ರ ನಡೆಯಿತು. ಎಣ್ಣೆಯಲ್ಲಿ ಕಲಸಿದ ಅರಿಶಿನದ ಬಟ್ಟಲು, ಮಂಚದ ಮೇಲೆ ಬಿಚ್ಚಿಟ್ಟಿದ್ದ ಆ ಸೀರೆಯ ಮೇಲೆಯೇ ಮಗುಚಿತು. ಯಾರ ಕೈ ತಗುಲಿ ಮಗುಚಿತೆಂಬುದನ್ನು ನಾವು ಇಂದಿಗೂ ಯಾರಿಗೂ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ.

ಆ ಗಳಿಗೆಯಲ್ಲಿ ಮಾಡಬಾರದ್ದನ್ನೆಲ್ಲ ಮಾಡಿದೆವು. ಒದ್ದೆಬಟ್ಟೆಯಿಂದ ಉಜ್ಜಿದೆವು, ಅಂಗೈಯಗಲದ ಕಲೆ ಮೊಳದಗಲವಾಯಿತು. ಬಟ್ಟೆ ಒಗೆಯುವ ಸೋಪು ತಿಕ್ಕಿದೆವು. ಹಳದಿ ಕಲೆ ನೋಡನೋಡುತ್ತಿದ್ದಂತೆ ರಕ್ತದ ಹಾಗೆ ಕೆಂಪಾಯಿತು. ನಮ್ಮ ಕೈಕಾಲು ತಣ್ಣಗಾದವು.

ಹೆದರಬೇಕಾಗಿರಲಿಲ್ಲ. ಮದುವೆ, ಸೀಮಂತ, ನಾಮಕರಣಗಳಲ್ಲಿ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬೆರೆಸಿ ಕೆಂಪಾರತಿ ಮಾಡಿದ ಕೈಗಳು ನಮ್ಮವು. ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ಕ್ಷಾರ ತಗುಲಿದರೆ ಕೆಂಪಾಗುತ್ತದೆ. ಸುಣ್ಣ ಕ್ಷಾರ, ಬಟ್ಟೆಸೋಪೂ ಕ್ಷಾರ. ಆರತಿ ತಟ್ಟೆಯಲ್ಲಿ ಅಷ್ಟು ಸಲ ಕಂಡದ್ದನ್ನು ಸೀರೆಯ ಮೇಲೆ ಕಂಡಾಗ ನಾವು ಗುರುತಿಸಲಿಲ್ಲ.

ನಿಜವಾದ ಅಪಾಯ ಆಮೇಲೆ ಬಂದಿತು. ನಮ್ಮಲ್ಲೊಬ್ಬಳು ಕಲೆಯ ಮೇಲೆ ನಿಂಬೆಹಣ್ಣು ಹಿಂಡಿದಳು. ಇನ್ನೊಬ್ಬಳು ಬಚ್ಚಲಿನ ಮೂಲೆಯಿಂದ ಬ್ಲೀಚ್ ಸೀಸೆ ಎತ್ತಿಕೊಂಡು ಮುಚ್ಚಳ ತಿರುಗಿಸತೊಡಗಿದಳು. ಮುಂಬಯಿಯ ಬಚ್ಚಲು ಹೇಗಿರುತ್ತದೆಂದು ಓದುಗರಿಗೆ ಹೇಳಬೇಕಾಗಿಲ್ಲ: ಇಬ್ಬರು ನಿಂತರೆ ಬಾಗಿಲು ಮುಚ್ಚದು, ಕಿಟಕಿಯೆಂದರೆ ಎರಡು ಗೇಣಿನ ಗಾಜು. ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಮದುಮಗಳು ಅರಿಶಿನದ ಮುಖದಲ್ಲೇ ಓಡಿಬಂದಳು. “ಅಮ್ಮಾ, ದೊಡ್ಡಮ್ಮಾ, ಮೊದಲು ಆ ಸೀಸೆ ಕೆಳಗಿಟ್ಟು ಇಬ್ಬರೂ ಹೊರಗೆ ಬನ್ನಿ!”

ಕ್ಲೋರಿನ್ ಬ್ಲೀಚಿಗೆ ನಿಂಬೆರಸವೋ ವಿನೆಗರೋ ಸೇರಿದರೆ ವಿಷಕಾರಿಯಾದ ಕ್ಲೋರಿನ್ ಅನಿಲ ಏಳುತ್ತದೆ. ಅಮೋನಿಯಾ ಇರುವ ದ್ರಾವಣ ಸೇರಿದರೂ ಉಸಿರುಕಟ್ಟಿಸುವ ಅನಿಲವೇ. ಅದಿರಲಿ, ರೇಷ್ಮೆ ಮತ್ತು ಉಣ್ಣೆಗಳು ಪ್ರೋಟೀನಿನ ಎಳೆಗಳು. ಬ್ಲೀಚು ಕಲೆಯೊಡನೆ ಬಟ್ಟೆಯನ್ನೂ ತಿನ್ನುತ್ತದೆ. ಅಮ್ಮನ ಸೀರೆಯನ್ನು ಉಳಿಸುವ ಅವಸರದಲ್ಲಿ ನಾವು ಸೀರೆಯನ್ನೂ ನಮ್ಮನ್ನೂ ಕಳೆದುಕೊಳ್ಳುವವರಿದ್ದೆವು.

ಮುಂದಿನದೆಲ್ಲ ಅವಳ ಮಾತಿನಂತೆ, ನಿಧಾನವಾಗಿ ನಡೆಯಿತು. ಸೋಪಿನ ಅಂಶ ಹೋಗುವವರೆಗೆ ತಣ್ಣೀರಿನಲ್ಲಿ ಜಾಲಿಸಿದೆವು. ಕೆಂಪು ಇಳಿದು ಮತ್ತೆ ಹಳದಿಯಾಯಿತು. ಅಂಟುವಾಳದ ಸಿಪ್ಪೆ ನೆನೆಸಿ, ಕಿವುಚಿ, ಸೋಸಿ ನೊರೆನೀರು ಮಾಡಿದೆವು. ಅದನ್ನು ಮೊದಲು ಒಳಸೆರಗಿನ ಮೂಲೆಗೆ ಹಚ್ಚಿ, ಬಿಳಿ ಬಟ್ಟೆಯೊತ್ತಿ, ಬಣ್ಣ ಬಿಡುವುದಿಲ್ಲವೆಂದು ಖಚಿತಪಡಿಸಿಕೊಂಡೆವು. ಬಳಿಕ ಕಲೆಯ ಅಂಚಿನಿಂದ ನಡುವಿನ ಕಡೆಗೆ, ಉಜ್ಜದೆ, ಒತ್ತಿ ಒತ್ತಿ ತೆಗೆದೆವು. ಒಂದೇ ಕಡೆ ನೆನೆದ ರೇಷ್ಮೆಯಲ್ಲಿ ನೀರಿನ ಗೆರೆ ನಿಲ್ಲುತ್ತದೆಂದು ಕೊನೆಗೆ ಇಡೀ ಸೀರೆಯನ್ನು ತಣ್ಣೀರಿನಲ್ಲಿ ಅದ್ದಿ, ಹಿಂಡದೆ, ಟವೆಲಿನಲ್ಲಿ ಸುರುಳಿಸುತ್ತಿ ನೀರು ತೆಗೆದೆವು. ಅರಿಶಿನದ ಬಣ್ಣ ಬೆಳಕಿಗೆ ಮಾಸುತ್ತದೆ. ಆದರೆ ಬಿಸಿಲು ರೇಷ್ಮೆಗೂ ಒಳ್ಳೆಯದಲ್ಲ. ಆದ್ದರಿಂದ ಉಳಿದ ಭಾಗಕ್ಕೆ ಬಟ್ಟೆ ಮುಚ್ಚಿ, ಕಲೆಯನ್ನಷ್ಟೇ ಎರಡು ಬೆಳಿಗ್ಗೆ ಸ್ವಲ್ಪ ಹೊತ್ತು ಎಳೆಬಿಸಿಲಿಗೆ ಒಡ್ಡಿದೆವು.

ಕಲೆ ತೆಗೆಯುವುದೆಂದರೆ ಬಲವಾದ ದ್ರಾವಣ ಹುಡುಕುವುದೆಂದು ನಾವು ತಿಳಿದಿದ್ದೆವು. ಈಗ ಮೊದಲು ಕೇಳುವುದು ಎರಡೇ ಪ್ರಶ್ನೆ: ಬಿದ್ದದ್ದೇನು? ಬಿದ್ದದ್ದು ಯಾವುದರ ಮೇಲೆ? ರಕ್ತವೋ ಹಾಲೋ ಆದರೆ ತಣ್ಣೀರೇ ಬೇಕು, ಬಿಸಿನೀರು ಪ್ರೋಟೀನನ್ನು ಎಳೆಗೆ ಕಚ್ಚಿಸುತ್ತದೆ. ಎಣ್ಣೆಯಾದರೆ ಮೊದಲು ಚಮಚದಿಂದ ಮೇಲಿನದನ್ನು ಎತ್ತಿ, ಟಾಲ್ಕಂ ಪುಡಿ ಉದುರಿಸಿ, ಅದು ಹೀರುವವರೆಗೆ ಕಾಯಬೇಕು. ಆ ದಿನ ನಾವು ಮಾಡಬೇಕಾಗಿದ್ದುದೂ ಅದೇ. ಹತ್ತಿಯ ಅಂಗಿಗೆ ತಗುಲಿದ ಬಾಲ್‌ಪೆನ್ ಶಾಯಿ ಸ್ಪಿರಿಟಿಗೆ ಕರಗುತ್ತದೆ. ಬಿಳಿಯ ಹತ್ತಿ ಹೊದಿಕೆಯ ತುಕ್ಕಿನ ಕಲೆ ನಿಂಬೆರಸ, ಉಪ್ಪಿಗೆ ಸಡಿಲವಾಗುತ್ತದೆ. ಯಾವ ಕಲೆಯಾದರೂ ಪೂರ್ತಿ ಹೋಗುವ ಮುನ್ನ ಇಸ್ತ್ರಿ ಮಾಡಬಾರದು. ಒಂದು ದ್ರಾವಣ ಸೋತಿತೆಂದು ಅದರ ಮೇಲೆಯೇ ಇನ್ನೊಂದನ್ನು ಸುರಿಯಬಾರದು. ನಡುವೆ ಚೆನ್ನಾಗಿ ಜಾಲಿಸಬೇಕು. ಬ್ಲೀಚಿನೊಡನೆಯಂತೂ ಬೇರೇನೂ ಕೂಡದು. ಕೈಮೀರಿದರೆ ಡ್ರೈಕ್ಲೀನಿಂಗಿನವರಲ್ಲಿ ಕೊಟ್ಟು, ಏನು ಬಿತ್ತು, ಏನೇನು ಹಚ್ಚಿದೆವು ಎಂಬುದನ್ನು ಸಂಕೋಚವಿಲ್ಲದೆ ಹೇಳಬೇಕು.

ಕಲೆ ಪೂರ್ತಿ ಹೋಗಲಿಲ್ಲ. ಬೆಳಕಿಗೆ ಹಿಡಿದರೆ ತೆಳುವಾದ ಹಳದಿ ನೆರಳೊಂದು ಕಾಣುತ್ತದೆ. ಇನ್ನೂ ಒಂದು ಸಲ ತೊಳೆಯೋಣವೆಂದು ಒಬ್ಬಳು, ಎಳೆ ಸೋಲುತ್ತದೆ ಬೇಡವೆಂದು ಇನ್ನೊಬ್ಬಳು ವಾದಿಸುತ್ತಿದ್ದಾಗ ಮಗಳು ಸೀರೆಯನ್ನು ಕೈಯಿಂದ ತೆಗೆದುಕೊಂಡು, ನೆರಿಗೆ ಹಿಡಿದು ತೋರಿಸಿದಳು. ನೆರಳು ಒಳಮಡಿಕೆಯಲ್ಲಿ ಅಡಗಿತು. ಧಾರೆಗೆ ಅದನ್ನೇ ಉಟ್ಟಳು.

ಈಗ ಒಪ್ಪಂದ ಬದಲಾಗಿದೆ: ನಾಲ್ಕು ತಿಂಗಳು ಪುಣೆ, ನಾಲ್ಕು ತಿಂಗಳು ಮುಂಬಯಿ, ನಾಲ್ಕು ತಿಂಗಳು ಮಗಳಿರುವ ಹೈದರಾಬಾದು. ಸೀರೆಯ ಮಡಿಕೆಯಲ್ಲಿ ಒಂದು ಚೀಟಿಯಿದೆ: “ಅರಿಶಿನ, ಎಣ್ಣೆ. ಅಂಟುವಾಳ ಮಾತ್ರ. ಸೋಪು ಬೇಡ, ಬ್ಲೀಚು ಬೇಡ. ಇನ್ನು ಉಜ್ಜಬೇಡಿ.” ಬರೆದದ್ದು ಒಬ್ಬಳೇ ಆದರೂ ಕೆಳಗೆ ಇಬ್ಬರೂ ಸಹಿ ಹಾಕಿದ್ದೇವೆ.