ಖಾಲಿ ಜಾಗದಿಂದ ದಪ್ಪದ ಲೆಕ್ಕ

ಪೀಣ್ಯದ ಶೆಡ್ಡೊಂದರೊಳಗೆ ಕಾಲಿಡುತ್ತಿದ್ದಂತೆ ಎಣ್ಣೆಯ ವಾಸನೆ ಮೂಗಿಗೆ ಬಡಿಯುತ್ತದೆ. ಉಕ್ಕಿನ ಕಾಯಿಲ್ ಬಿಚ್ಚಿಕೊಳ್ಳುತ್ತಿದೆ. ನಿಮ್ಮ ಸೊಂಟದೆತ್ತರದಲ್ಲಿ ತಗಡು ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಓಡುತ್ತಿದೆ. ಕೈ ಚಾಚಬೇಡಿ, ಅಂಚು ಸೀಳಿಬಿಡುತ್ತದೆ.

ಈ ತಗಡು 1.2 ಮಿ.ಮೀ. ದಪ್ಪ ಇರಬೇಕು. ಮೈಕ್ರೋಮೀಟರ್ ಹಿಡಿಯಬೇಕಾದರೆ ಲೈನ್ ನಿಲ್ಲಿಸಬೇಕು. ನಿಲ್ಲಿಸಿದರೂ ಅದು ಎಟುಕುವುದು ಅಂಚಿನ ಹತ್ತಿರ ಮಾತ್ರ. ಅದಕ್ಕೇ ತಗಡಿನ ಮೇಲೂ ಕೆಳಗೂ ತೋಳು ಚಾಚಿಕೊಂಡು ‘ಸಿ’ ಆಕಾರದ ಚೌಕಟ್ಟೊಂದು ನಿಂತಿದೆ. ಎರಡು ತೋಳಿಗೂ ಒಂದೊಂದು ಲೇಸರ್. ಕಿರಣಕ್ಕೆ ಕಣ್ಣು ಕೊಡದೆ, ಪಕ್ಕದಿಂದ ಬಗ್ಗಿ ನೋಡಿ: ಓಡುವ ಉಕ್ಕಿನ ಮೇಲೆ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆ, ಇದ್ದಲ್ಲೇ ನಿಂತಿದೆ.

ಲೇಸರ್ ಪೆಟ್ಟಿಗೆಯೊಳಗಿನ ಮಸೂರ ಆ ಚುಕ್ಕೆಯನ್ನು ಓರೆಯಾಗಿ ನೋಡುತ್ತಿರುತ್ತದೆ. ತಗಡು ಹತ್ತಿರ ಬಂದರೆ ಚುಕ್ಕೆಯ ಬಿಂಬ ಸೆನ್ಸರಿನ ಮೇಲೆ ಒಂದು ಕಡೆಗೆ ಸರಿಯುತ್ತದೆ, ದೂರ ಹೋದರೆ ಇನ್ನೊಂದು ಕಡೆಗೆ. ಆ ಸರಿದಾಟದಿಂದ ದೂರ ತಿಳಿಯುತ್ತದೆ. ಲೇಸರ್‌ಗಳ ನಡುವಿನ ಅಂತರ 200 ಮಿ.ಮೀ. ಈಗ ಮೇಲಿನದು 99.3 ಎನ್ನುತ್ತಿದೆ, ಕೆಳಗಿನದು 99.5. ಕೂಡಿಸಿ, 200ರಲ್ಲಿ ಕಳೆಯಿರಿ: ಉಳಿದದ್ದು 1.2. ಬೆಳಕು ಉಕ್ಕಿನೊಳಗೆ ಹೊಕ್ಕೇ ಇಲ್ಲ. ಅದು ಅಳೆದದ್ದು ತಗಡಿನ ಎರಡೂ ಬದಿಯ ಖಾಲಿ ಜಾಗವನ್ನು.

ತಗಡು ಅದುರುತ್ತಿರುವುದು ನಿಮಗೂ ಕಾಣುತ್ತಿದೆ. ಮೇಲೆದ್ದಾಗ ಮೇಲಿನ ಅಂತರ ಕಡಿಮೆಯಾಗಿ ಕೆಳಗಿನದು ಅಷ್ಟೇ ಹೆಚ್ಚುವುದರಿಂದ ಮೊತ್ತ ಬದಲಾಗುವುದಿಲ್ಲ. ಆದರೆ ಎರಡೂ ಲೇಸರ್‌ಗಳು ಒಂದೇ ಗಳಿಗೆಯಲ್ಲಿ ಓದಬೇಕು. ಸೆಕೆಂಡಿಗೆ 100 ಮಿ.ಮೀ. ವೇಗದಲ್ಲಿ ಮೇಲೇಳುವ ತಗಡು ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲೇ 0.1 ಮಿ.ಮೀ. ಸರಿದಿರುತ್ತದೆ. ಚುಕ್ಕೆಗಳೂ ಒಂದಕ್ಕೊಂದು ನೇರವಾಗಿರಬೇಕು. ಅವು ಅರ್ಧ ಮಿ.ಮೀ. ಆಚೀಚೆ ಇದ್ದು ತಗಡು 2 ಡಿಗ್ರಿ ವಾಲಿದರೆ ಲೆಕ್ಕ ಸುಮಾರು 17 ಮೈಕ್ರಾನ್ ತಪ್ಪುತ್ತದೆ.

ಮಧ್ಯಾಹ್ನ. ತಗಡಿನ ಛಾವಣಿ ಕಾದಿದೆ. ಪರದೆಯಲ್ಲಿ ಅಂಕಿ 1.176ಕ್ಕೆ ಇಳಿದು ಕೆಂಪಾಗುತ್ತದೆ. ಇಲ್ಲಿ ಒಪ್ಪುವ ಕೆಳಮಿತಿ 1.18. ಹೊಸ ಹುಡುಗ ಕಾಯಿಲ್‌ಗೆ ರಿಜೆಕ್ಟ್ ಚೀಟಿ ಅಂಟಿಸಲು ಹೊರಡುತ್ತಾನೆ.

“ತಡಿಯಪ್ಪ, ಮೊದ್ಲು ಸ್ಲಿಪ್ ಗೇಜ್ ಇಟ್ಟು ನೋಡು. ಬೆಳಗಿನ ಸೆಟ್ಟಿಂಗ್ ನಂಬ್ಕೋಬೇಡ,” ಎನ್ನುತ್ತಾರೆ ಆಪರೇಟರ್.

“ಸರಿ ಅಣ್ಣ.”

ಚೌಕಟ್ಟನ್ನು ಹಳಿಯ ಮೇಲೆ ಪಕ್ಕಕ್ಕೆಳೆದು, ಚುಕ್ಕೆಗಳ ನಡುವೆ 1.200 ಮಿ.ಮೀ.ನ ಉಕ್ಕಿನ ಬಿಲ್ಲೆ ಇಡುತ್ತಾರೆ. ಇಂಥ ಅಳತೆಬಿಲ್ಲೆಗಳನ್ನು 1896ರಲ್ಲಿ ರೂಪಿಸಿದವರು ಸ್ವೀಡನ್ನಿನ ಕಾರ್ಲ್ ಎಡ್ವರ್ಡ್ ಜೋಹಾನ್ಸನ್. ಲೇಸರ್ ಕಾಲದಲ್ಲೂ ಅನುಮಾನ ಬಂದಾಗ ಅವುಗಳನ್ನೇ ಕೇಳಬೇಕು.

ಪರದೆ ಅದಕ್ಕೂ 1.176 ಎನ್ನುತ್ತದೆ.

ಉಕ್ಕು ಒಂದು ಡಿಗ್ರಿ ಕಾದರೆ ಪ್ರತಿ ಮೀಟರಿಗೆ ಸುಮಾರು 12 ಮೈಕ್ರಾನ್ ಹಿಗ್ಗುತ್ತದೆ. ಬೆಳಗಿನಿಂದ 10 ಡಿಗ್ರಿ ಏರಿದೆ, ಉಕ್ಕಿನ ಚೌಕಟ್ಟು ಕಾದು ಲೇಸರ್‌ಗಳ ನಡುವಿನ 200 ಮಿ.ಮೀ. ಅಂತರ 24 ಮೈಕ್ರಾನ್ ಹಿಗ್ಗಿದೆ. ಹೆಚ್ಚಿದ ಖಾಲಿ ಜಾಗವನ್ನು ಯಂತ್ರ ತಗಡಿನ ದಪ್ಪದಿಂದ ಕಳೆದಿದೆ. ಹುಡುಗ ಸೆಟ್ಟಿಂಗ್ ಸರಿಪಡಿಸಿ ಚೌಕಟ್ಟನ್ನು ಮತ್ತೆ ತಗಡಿನ ಮೇಲೆ ತರುತ್ತಾನೆ. 1.200. ಕಾಯಿಲ್ ಪಾಸು. ಮುಟ್ಟದೆ ಅಳೆಯುವ ಯಂತ್ರವನ್ನು ಮುಟ್ಟಿ ಪರೀಕ್ಷಿಸುವ ಕೈಗಳಿದ್ದರೆ ಮಾತ್ರ ಅದರ ಅಂಕಿಗೆ ಬೆಲೆ.