ಎರಡೂಕಾಲು ಟಿಕೆಟ್ಟಿನಲ್ಲಿ ಕಾರವಾರ

ಯಾದಗಿರಿ ಜಿಲ್ಲೆಯ ಮಕ್ಕಳಿಗೆ ನೀರೆಂದರೆ ಕೃಷ್ಣಾ, ಭೀಮಾ, ನಾರಾಯಣಪುರದ ಕಾಲುವೆ, ಇಲ್ಲವೇ ಸುರಪುರದ ಹತ್ತಿರದ ಬೋನಾಳ ಕೆರೆ. ಸಮುದ್ರವೆಂದರೆ ನಕಾಶೆಯ ಅಂಚಿನ ನೀಲಿ ಬಣ್ಣ, ಅಷ್ಟೇ. ಸುರಪುರದಲ್ಲಿ ಹುಟ್ಟಿ ಬೆಳೆದ ನನ್ನ ಅವ್ವ ಎಂಬತ್ತು ವರ್ಷ ಬದುಕಿದಳು. ಸಮುದ್ರ ಮಥನದ ಕತೆಯನ್ನು ನೂರು ಸಲ ಹೇಳಿದ್ದಳು, ಸಮುದ್ರವನ್ನು ಒಮ್ಮೆಯೂ ನೋಡಲಿಲ್ಲ. ಈಗಲೂ ನಮ್ಮ ಕಡೆ ಸಮುದ್ರದ ಮಾತು ತೆಗೆದರೆ, ‘ಅದೆಲ್ಲಾ ರೊಕ್ಕ ಇದ್ದವರಿಗೆ ಬಿಡ್ರಿ’ ಎನ್ನುವವರೇ ಹೆಚ್ಚು. ಹಾಗೇನಿಲ್ಲ ಎಂದು ಲೆಕ್ಕ ಹಾಕಿ ತೋರಿಸಲು ಇದನ್ನು ಬರೆಯುತ್ತಿದ್ದೇನೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಆಯುಷ್ಯ ಕಳೆದವನು ನಾನು. ಲೆಕ್ಕ ಒಂದನ್ನು ಬಿಟ್ಟರೆ ಹೆಚ್ಚಿನದೇನೂ ಬಾರದು.

ನೌಕರಿಯಲ್ಲಿದ್ದಾಗ ಎಲ್‌ಎಫ್‌ಸಿ ಇತ್ತು, ಪ್ರಯಾಣದ ಖರ್ಚು ಬ್ಯಾಂಕಿನದು. ಈಗ ಇರುವುದು ಪಿಂಚಣಿ. ಅದಕ್ಕಾಗಿ ಹಿಂದಿನ ವರ್ಷದ ದಸರೆಯಲ್ಲೇ ತಿಂಗಳಿಗೆ 1,200 ರೂಪಾಯಿಯ ಒಂದು ಆರ್‌ಡಿ ತೆರೆದೆ. ಹನ್ನೆರಡು ತಿಂಗಳಿಗೆ ಅಸಲು 14,400 ರೂಪಾಯಿ. ಈ ದುಡ್ಡಿನೊಳಗೇ ಆರು ಜನರ ಪ್ರವಾಸ ಮುಗಿಯಬೇಕು ಎಂದು ಮನೆಯಲ್ಲಿ ತೀರ್ಮಾನವಾಯಿತು. ಆರು ಜನ ಎಂದರೆ ನಾನು, ನನ್ನ ಹೆಂಡತಿ, ಮಗ, ಸೊಸೆ, ಹನ್ನೊಂದು ವರ್ಷದ ಮೊಮ್ಮಗಳು, ಏಳು ವರ್ಷದ ಮೊಮ್ಮಗ.

ಮೊದಲ ಪ್ರಶ್ನೆ, ಯಾವ ಸಮುದ್ರ? ಯಾದಗಿರಿ ಮುಂಬೈ-ಚೆನ್ನೈ ರೈಲು ಮಾರ್ಗದಲ್ಲಿದೆ. ರೈಲು ಹತ್ತಿದರೆ ಚೆನ್ನೈನ ಮರೀನಾ ದಡಕ್ಕೆ ಹೋಗಬಹುದು. ಆದರೆ ರೈಲಿನಲ್ಲಿ ಹಿರಿಯ ನಾಗರಿಕರಿಗಿದ್ದ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತುಹೋಗಿದೆ. ಐದರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಬರ್ತ್ ಬೇಕೆಂದರೆ ಪೂರ್ತಿ ದರ ಕೊಡಬೇಕು. ಅಲ್ಲಿಗೆ ಆರು ಜನಕ್ಕೆ ಆರು ಟಿಕೆಟ್.

ನಮ್ಮ ರಾಜ್ಯದ ಕರಾವಳಿಗೆ ಸರ್ಕಾರಿ ಬಸ್ಸಿನಲ್ಲಿ ಹೋದರೆ ಲೆಕ್ಕವೇ ಬೇರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ನನ್ನ ಹೆಂಡತಿ, ಸೊಸೆ, ಮೊಮ್ಮಗಳು, ಮೂವರಿಗೂ ಶೂನ್ಯ ಟಿಕೆಟ್. ಅರವತ್ತು ದಾಟಿದವರಿಗೆ ನೂರಕ್ಕೆ 25ರಷ್ಟು ರಿಯಾಯಿತಿ, ಹಾಗಾಗಿ ನನ್ನದು ಮುಕ್ಕಾಲು ಟಿಕೆಟ್. ಮೊಮ್ಮಗನದು ಅರ್ಧ, ಮಗನದು ಪೂರ್ತಿ. ಕೂಡಿಸಿ ನೋಡಿ, ಎರಡೂಕಾಲು! ಆರು ಜನ ಎರಡೂಕಾಲು ಟಿಕೆಟ್ಟಿನಲ್ಲಿ ಹೋಗಬಹುದೆಂದು ತಿಳಿದಾಗ ಮೊಮ್ಮಗಳು, ‘ಮುತ್ಯಾ, ಆ ಕಾಲು ಟಿಕೆಟ್ನಾಗ ಯಾರು ಕೂಡ್ತಾರ?’ ಎಂದು ಕೇಳಿದಳು.

ಒಂದು ಎಚ್ಚರಿಕೆ. ಶಕ್ತಿ ಯೋಜನೆ ರಾಜಹಂಸ, ಸ್ಲೀಪರ್, ಎ.ಸಿ. ಬಸ್ಸುಗಳಿಗೆ ಇಲ್ಲ. ಆಧಾರ್‌ನಂಥ ಗುರುತಿನ ಚೀಟಿ ಕೈಯಲ್ಲಿರಲಿ. ದುಡ್ಡು ಕೊಡದಿದ್ದರೂ ಟಿಕೆಟ್ ಪಡೆಯಲೇಬೇಕು.

ಎರಡನೆಯ ಪ್ರಶ್ನೆ, ಯಾವಾಗ? ಜೂನ್‌ನಿಂದ ಮಳೆಗಾಲ ಮುಗಿಯುವವರೆಗೆ ಅರಬ್ಬಿ ಸಮುದ್ರ ಉಗ್ರವಾಗಿರುತ್ತದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ ಮತ್ತು ಜುಲೈ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ನಿಷೇಧ. ಬೇಸಿಗೆ ರಜೆಯಲ್ಲಿ ಕರಾವಳಿಯ ಸೆಕೆ ಬೆವರು ಹರಿಸುತ್ತದೆ. ನಮ್ಮ ಒಣ ಬಿಸಿಲಿಗೆ ಒಗ್ಗಿದ ಮಕ್ಕಳು ಅಲ್ಲಿ ಬೇಗ ಸುಸ್ತಾಗುತ್ತಾರೆ. ಆದ್ದರಿಂದ ಅಕ್ಟೋಬರಿನ ದಸರಾ ರಜೆ ಒಳ್ಳೆಯದು. ಅದರಲ್ಲೂ ಶನಿವಾರ, ಭಾನುವಾರ ಬೇಡ. ಸೋಮವಾರ ಮುಟ್ಟಿ ಗುರುವಾರ ಹೊರಟರೆ ಕೋಣೆ ಬಾಡಿಗೆಯಲ್ಲಿ ಚೌಕಾಶಿಗೆ ಅವಕಾಶ ಇರುತ್ತದೆ.

ಮೂರನೆಯ ಪ್ರಶ್ನೆ, ಯಾವ ಊರು? ಗೋಕರ್ಣ, ಮುರುಡೇಶ್ವರ, ಉಡುಪಿ, ಮಂಗಳೂರು ಎಲ್ಲವನ್ನೂ ಮೂರು ದಿನದಲ್ಲಿ ಮುಗಿಸಲು ಹೊರಟರೆ ಮಕ್ಕಳು ನೋಡುವುದು ಬಸ್ಸಿನ ಕಿಟಕಿಯನ್ನು ಮಾತ್ರ. ಒಂದೇ ಊರಿನಲ್ಲಿ ಮೂರು ರಾತ್ರಿ ಇರಬೇಕು. ನಾವು ಕಾರವಾರವನ್ನು ಆರಿಸಿಕೊಂಡೆವು. ಹುಬ್ಬಳ್ಳಿಯಿಂದ ನೇರ ಬಸ್ಸುಗಳಿವೆ. ಸಮುದ್ರದಂಡೆ ಊರಿನೊಳಗೇ ಇದೆ, ಬಸ್ ನಿಲ್ದಾಣದಿಂದ ನಡೆದು ಹೋಗಬಹುದು. ಆಟೊ ಖರ್ಚು ಉಳಿಯುತ್ತದೆ.

ಶಹಾಪುರದಿಂದ ನಸುಕಿನಲ್ಲಿ ಹೊರಟೆವು. ಬುತ್ತಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರನ್ನ. ಹುಬ್ಬಳ್ಳಿಯ ನಿಲ್ದಾಣದಲ್ಲಿ ಕುಳಿತು ಊಟ ಮುಗಿಸಿ ಕಾರವಾರದ ಬಸ್ಸು ಹಿಡಿದೆವು. ಯಲ್ಲಾಪುರ ದಾಟಿದ ಮೇಲೆ ಅರಬೈಲು ಘಟ್ಟ ಬರುತ್ತದೆ. ತಿರುವುಗಳಲ್ಲಿ ಮಕ್ಕಳಿಗೆ ವಾಂತಿಯಾಗುವ ಸಂಭವ ಹೆಚ್ಚು. ಹುಬ್ಬಳ್ಳಿಯಲ್ಲಿ ಹೊಟ್ಟೆ ಬಿರಿಯೆ ತಿನ್ನಿಸಬೇಡಿ. ಒಂದು ನಿಂಬೆಹಣ್ಣು, ನಾಲ್ಕು ಪ್ಲಾಸ್ಟಿಕ್ ಚೀಲ ಕೈಗೆ ಸಿಗುವಂತಿರಲಿ. ಬಯಲುಸೀಮೆಯ ಮಕ್ಕಳಿಗೆ ಆ ಕಾಡು ನೋಡುವುದೇ ಅರ್ಧ ಪ್ರವಾಸ.

ಕಾರವಾರದ ದಡಕ್ಕೆ ರವೀಂದ್ರನಾಥ ಟಾಗೋರರ ಹೆಸರಿದೆ. ಅವರ ಅಣ್ಣ ಸತ್ಯೇಂದ್ರನಾಥರು ಐ.ಸಿ.ಎಸ್. ಪಾಸಾದ ಮೊದಲ ಭಾರತೀಯರು, ಇಲ್ಲಿ ನ್ಯಾಯಾಧೀಶರಾಗಿದ್ದರು. 1880ರ ದಶಕದ ಆರಂಭದಲ್ಲಿ ಇನ್ನೂ ತರುಣರಾಗಿದ್ದ ರವೀಂದ್ರರು ಅಣ್ಣನ ಮನೆಗೆ ಬಂದು ಉಳಿದರು. ‘ಪ್ರಕೃತಿರ ಪ್ರತಿಶೋಧ’ ಎಂಬ ನಾಟಕವನ್ನು ಬರೆದದ್ದು ಇಲ್ಲಿಯೇ. ದಡದ ಮೇಲೆ ಐಎನ್‌ಎಸ್ ಚಪಲ್ ಎಂಬ ಯುದ್ಧನೌಕೆ ವಸ್ತುಸಂಗ್ರಹಾಲಯವಾಗಿ ನಿಂತಿದೆ. ನೌಕಾಪಡೆಯಿಂದ ನಿವೃತ್ತಿಯಾದ ಹಡಗು. ‘ಮುತ್ಯಾನ ಹಾಂಗ ಇದಕ್ಕೂ ರಿಟೈರ್ ಆಗೇದ’ ಎಂದು ಮೊಮ್ಮಗ ಎಲ್ಲರಿಗೂ ಹೇಳಿದ. ಬೈತಕೋಲ ಬಂದರಿನಲ್ಲಿ ಬೆಳಿಗ್ಗೆ ಮೀನಿನ ದೋಣಿಗಳನ್ನು ನೋಡುವುದಕ್ಕೆ ಯಾವ ಟಿಕೆಟ್ಟೂ ಇಲ್ಲ.

ಮಕ್ಕಳಿಗೆ ನಾನು ಕೊಟ್ಟ ಕೆಲಸ ಎರಡು. ಮೊಮ್ಮಗಳು ದಿನದ ಜಮಾ-ಖರ್ಚು ಬರೆಯಬೇಕು. ಮೊಮ್ಮಗ ನೀರು ಎಲ್ಲಿಯವರೆಗೆ ಬಂತೆಂದು ಚಿಪ್ಪಿನಿಂದ ಗುರುತು ಮಾಡಬೇಕು. ಸಮುದ್ರಕ್ಕೆ ದಿನಕ್ಕೆ ಎರಡು ಭರತ, ಎರಡು ಇಳಿತ. ಮರುದಿನ ಅದೇ ಭರತ ಸುಮಾರು 50 ನಿಮಿಷ ತಡವಾಗಿ ಬರುತ್ತದೆ, ಚಂದ್ರನೂ ಹಾಗೆಯೇ ದಿನವೂ ತಡವಾಗಿ ಹುಟ್ಟುತ್ತಾನಲ್ಲ! ಮೂರು ದಿನ ಒಂದೇ ಊರಿನಲ್ಲಿ ಇದ್ದುದರಿಂದ ಇದನ್ನು ಅವನು ಕಣ್ಣಾರೆ ಕಂಡ.

ಮೊಮ್ಮಗಳು ಕೇಳಿದ ಪ್ರಶ್ನೆ ನನಗೆ ಬಹಳ ಹಿಡಿಸಿತು. ‘ನಮ್ಮ ಕೃಷ್ಣಾ ನದಿ ಇಲ್ಲಿಗೇ ಬರ್ತದೇನು ಮುತ್ಯಾ?’ ಇಲ್ಲ ಮಗಳೇ. ಕೃಷ್ಣೆ ಹುಟ್ಟುವ ಮಹಾಬಲೇಶ್ವರ ಈ ಅರಬ್ಬಿ ಸಮುದ್ರದಿಂದ ಬರೀ 64 ಕಿ.ಮೀ. ದೂರ. ಆದರೂ ಸಹ್ಯಾದ್ರಿ ಅಡ್ಡ ಇರುವುದರಿಂದ ಅವಳು ಪೂರ್ವಕ್ಕೆ ತಿರುಗಿ, ನಮ್ಮ ಹೊಲಗಳಿಗೆ ನೀರುಣಿಸಿ, ಭೀಮೆಯನ್ನೂ ಕೂಡಿಕೊಂಡು, ಸುಮಾರು 1,400 ಕಿ.ಮೀ. ಹರಿದು ಬಂಗಾಳ ಕೊಲ್ಲಿ ಸೇರುತ್ತಾಳೆ. ಕಾರವಾರದಲ್ಲಿ ಸಮುದ್ರ ಸೇರುವುದು ಕಾಳಿ ನದಿ, ಅದರ ಉದ್ದ 184 ಕಿ.ಮೀ. ಮಾತ್ರ.

ಇಲ್ಲಿಯವರೆಗೆ ಹೇಳಿದ್ದು ದುಡ್ಡಿನ ಲೆಕ್ಕ. ಅದರಲ್ಲಿ ಹೆಚ್ಚುಕಡಿಮೆಯಾದರೆ ಮುಂದಿನ ತಿಂಗಳು ಸರಿಪಡಿಸಬಹುದು. ಜೀವದ ಲೆಕ್ಕ ಹಾಗಲ್ಲ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಬಂದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಅಲೆಗಳಿಗೆ ಬಲಿಯಾದರು. ಕೋಲಾರವೂ ನಮ್ಮ ಹಾಗೆ ಸಮುದ್ರವಿಲ್ಲದ ಸೀಮೆ. ನಮ್ಮ ಮಕ್ಕಳಿಗೆ ಬಾವಿ ಗೊತ್ತು, ಕಾಲುವೆ ಗೊತ್ತು. ಕಾಲುವೆಯ ನೀರು ಒಂದೇ ಕಡೆಗೆ ಹರಿಯುತ್ತದೆ. ಸಮುದ್ರದ ನೀರು ಬಂದು ಹಿಂದೆ ಹೋಗುತ್ತದೆ, ಹೋಗುವಾಗ ಕಾಲಡಿಯ ಮರಳನ್ನೂ ಎಳೆದುಕೊಂಡು ಹೋಗುತ್ತದೆ. ಬಾವಿಯಲ್ಲಿ ಈಜು ಕಲಿತವನಿಗೂ ಅದು ಹೊಸದು.

ಅದಕ್ಕೆ ಹೊರಡುವ ಮೊದಲೇ ಮನೆಯಲ್ಲಿ ನಾಲ್ಕು ನಿಯಮ ಮಾಡಿದೆವು. ಒಂದು, ಮಕ್ಕಳ ಮೊಣಕಾಲಿಗಿಂತ ಮೇಲೆ ನೀರು ಬರಬಾರದು. ಎರಡು, ಮಕ್ಕಳು ನೀರಿನಲ್ಲಿರುವಾಗ ಅವರಿಗಿಂತ ಮುಂದೆ, ಸಮುದ್ರದ ಕಡೆಗೆ, ಒಬ್ಬ ದೊಡ್ಡವರು ನಿಂತಿರಬೇಕು, ಕೈಯಲ್ಲಿ ಮೊಬೈಲು ಇರಬಾರದು. ಮೂರು, ಜೀವರಕ್ಷಕರು ಅಥವಾ ಮೀನುಗಾರರು ಬೇಡವೆಂದ ಜಾಗದಲ್ಲಿ ಇಳಿಯಬಾರದು. ಕೆಂಪು ಬಾವುಟ ಕಂಡರೆ ಮಾತೇ ಇಲ್ಲ. ನಾಲ್ಕು, ಸೂರ್ಯ ಮುಳುಗಿದ ಮೇಲೆ ನೀರು ಮುಟ್ಟುವಂತಿಲ್ಲ, ದಂಡೆಯಲ್ಲಿ ಕುಳಿತು ನೋಡಬಹುದು. ಈ ನಿಯಮಗಳನ್ನು ಮಕ್ಕಳ ಕೈಯಲ್ಲೇ ಬರೆಸಿದೆವು. ತಾವೇ ಬರೆದದ್ದನ್ನು ಮಕ್ಕಳು ಸುಲಭಕ್ಕೆ ಮುರಿಯುವುದಿಲ್ಲ. ಎರಡನೆಯದನ್ನು ಮುರಿಯಲು ಹೊರಟವನು ನನ್ನ ಮಗ. ಫೋಟೊ ತೆಗೆಯಲು ಮೊಬೈಲು ಎತ್ತಿದಾಗ ಮೊಮ್ಮಗಳೇ, ‘ಅಪ್ಪಾ, ನಿಯಮ ಎರಡು!’ ಎಂದು ಕೂಗಿದಳು.

ಇನ್ನು ಮೊಮ್ಮಗಳು ಬರೆದ ಲೆಕ್ಕ. ಎರಡು ಸಾಧಾರಣ ಕೋಣೆ, ಮೂರು ರಾತ್ರಿಗೆ 6,000. ಹೋಗಿ ಬರುವ ಬಸ್ಸು 2,700. ಊಟ, ಉಪಾಹಾರ, ಚಹ 3,600. ಆಟೊ ಮತ್ತು ಪ್ರವೇಶ ಟಿಕೆಟ್ 800. ಐಸ್‌ಕ್ರೀಮ್, ಗಾಳಿಪಟ, ಚಿಪ್ಪಿನ ಸರ ಸೇರಿ 700. ಒಟ್ಟು 13,800 ರೂಪಾಯಿ. ಉಳಿದದ್ದು 600, ಮೇಲೆ ಆರ್‌ಡಿಯ ಬಡ್ಡಿ.

ಆ 600ಕ್ಕೆ ಇನ್ನೂ 600 ಸೇರಿಸಿ ಹೊಸ ಆರ್‌ಡಿಯ ಮೊದಲ ಕಂತು ಕಟ್ಟಿದ್ದೇವೆ. ನಿಮ್ಮ ಮನೆಯಲ್ಲಿ ಒಮ್ಮೆಲೇ ಹದಿನಾಲ್ಕು ಸಾವಿರ ಎತ್ತಿಡುವುದು ಕಷ್ಟವಾದರೆ, ಎರಡು ವರ್ಷಕ್ಕೆ ತಿಂಗಳಿಗೆ 600 ಕಟ್ಟಿ. ಸಮುದ್ರ ಎಲ್ಲಿಗೂ ಓಡಿಹೋಗುವುದಿಲ್ಲ. ಆದರೆ ಮಕ್ಕಳು ಬೇಗ ದೊಡ್ಡವರಾಗುತ್ತಾರೆ. ಹನ್ನೆರಡು ದಾಟಿದರೆ ಬಸ್ಸಿನಲ್ಲಿ ಅರ್ಧ ಟಿಕೆಟ್ಟೂ ಇರುವುದಿಲ್ಲ!